ಮುತ್ತಜ್ಜ ಆದೆಪ್ಪ ಊರಿಗೆ ಬಂದ ಬಗೆ

ನಾನು ಗೊರೇಬಾಳದ ಬಸವಂತರಾಯರ ಮನೆ ಅಳಿಯ. ಹಿರಿಯ ಮಗಳು ಕಲ್ಯಾಣಮ್ಮನನ್ನು ಮದುವೆಯಾಗಿ, ಹತ್ತು ವರ್ಷ ಅವರ ಮನೆಯಲ್ಲೇ ಉಂಡು ಅವರ ಹೊಲದಲ್ಲೇ ದುಡಿದಿದ್ದೆ. ಎತ್ತು ಕುಂಟಿದರೂ ಮೇವು ನೆನೆದರೂ ಮಾವನ ಬಾಯಲ್ಲಿ ಅದೇ ರಾಗ.

“ನಮ್ಮ ಮುತ್ತಜ್ಜ ಆದೆಪ್ಪ ಕತ್ತಿ ಹಿಡಕೊಂಡು, ಕುದುರಿ ಮ್ಯಾಲೆ ಈ ಊರಿಗೆ ಬಂದಾಂವ. ನಿನ್ನಂಗ ಹಾಸಿಗಿ ಸುತಗೊಂಡು ಬಂದಾಂವಲ್ಲ.”

ಕೇಳಿ ಕೇಳಿ ನನಗೆ ಆ ಕುದುರೆಯ ಮೇಲೂ ಸಿಟ್ಟು ಬಂದಿತ್ತು.

1952ರ ಚಳಿಗಾಲದಲ್ಲಿ ಕಿರಿಯ ಮಗಳು ಶಿವಬಸಮ್ಮನಿಗೆ ಮಸ್ಕಿಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ತರ, ಅವಳಿಗೂ ಒಪ್ಪಿಗೆಯಾಗಿದ್ದ. ಮಾತು ಮುಗಿಯುವ ಹೊತ್ತಿಗೆ ಹುಡುಗನ ಅಜ್ಜಿ ವೀರಭದ್ರಮ್ಮ ಬೆಡಗು ಕೇಳಿ ಅಡ್ಡಗಾಲು ಹಾಕಿದಳು. ಎರಡೂ ಮನೆಯವರದು ಮೆಣಸಿನ ಬೆಡಗು. ಬೆಡಗೆಂದರೆ ಅಪ್ಪನಿಂದ ಮಕ್ಕಳಿಗೆ ಬರುವ ಕುಲದ ಹೆಸರು; ಒಂದೇ ಬೆಡಗಿನವರೆಂದರೆ ಅಣ್ಣತಂಗಿ ಇದ್ದಂತೆ, ಮದುವೆ ಕೂಡದು. ಶಿವಬಸಮ್ಮ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ವಂಶದ ಬೇರು ಗೊತ್ತಿರುವವರು ಹೆಳವರು. ಸುಗ್ಗಿಯಲ್ಲಿ ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ಮನೆತನದ ಹಿರಿಯರ ಹೆಸರು ಹೇಳಿ ಜೋಳ ಪಡೆದು ಹೋಗುತ್ತಾರೆ. ರಜಾಕಾರರ ಗದ್ದಲವಾದ ಮೇಲೆ ನಮ್ಮ ಹೆಳವ ಹೊನ್ನೂರಪ್ಪ ಇತ್ತ ಸುಳಿದಿರಲಿಲ್ಲ. ಹಿಂದೆ ಎಲ್ಲಾದರೂ ಬೆಡಗು ಬೇರೆಯಿತ್ತೇನೋ ಎಂಬ ಆಸೆಯಿಂದ, ಮಾವನೂ ನಾನೂ ಸಿಂಧನೂರಿನಲ್ಲಿ ಮೋಟಾರು ಹತ್ತಿ ಅವನಿದ್ದ ಲಿಂಗಸುಗೂರಿಗೆ ಹೋದೆವು.

ಹೊನ್ನೂರಪ್ಪ ಬಟ್ಟೆಯ ಗಂಟು ಬಿಚ್ಚಿ, ಹಳೆಯ ಹೊತ್ತಿಗೆ ತೆಗೆದು ಓದಿದ. ಮಾವ, ಮಾವನ ಅಪ್ಪ, ಅಜ್ಜ ಮುಗಿದು ಮುತ್ತಜ್ಜನಿಗೆ ಬಂದ.

“ಆದೆಪ್ಪ, ಮುಕ್ಕುಂದದ ಬಿಲ್ಲಿನ ಬೆಡಗಿನಾಂವ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ಗುದ್ದಲಿ. ಗೊರೇಬಾಳದ ಮೆಣಸಿನವರ ಮನಿಗೆ ಬಾವಿ ತೋಡಾಕ ಬಂದಾನ. ಮನ್ಯಾಗ ಗಂಡುಮಕ್ಕಳಿಲ್ಲ. ಮಗಳು ಕನಕಮ್ಮನ್ನ ಕೊಟ್ಟು ಮನಿ ಅಳಿಯನ್ನ ಮಾಡಿಕೊಂಡಾರ. ಮಂದಿ ಅವನ ಮಕ್ಕಳನ್ನೂ ಮೆಣಸಿನವರು ಅಂತನ ಕರದಾರ.”

ಮಾವ ಹೊತ್ತಿಗೆಯತ್ತ ಬಗ್ಗಿ ಕೇಳಿದರು. “ಕುದುರಿ?”

“ಕುದುರಿ ಇಲ್ರಿ ಯಪ್ಪಾ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಮೂರು ತಲಿಮಾರು ಕೇಳಿ, ಜ್ವಾಳ ಕೊಟ್ಟು ಕಳಸ್ತಿದ್ರಿ. ನಾಕನೇ ತಲಿ ಕೇಳಾಕ ನಿಮಗ ಪುರಸೊತ್ತು ಎಲ್ಲಿತ್ತು?”

ನನಗೆ ಗಂಟಲವರೆಗೆ ನಗು ಬಂತು. ಕಷ್ಟಪಟ್ಟು ನುಂಗಿದೆ. ಆದರೆ ಆ ಬಾವಿಯ ನೀರನ್ನು ನಾನು ದಿನಾ ಸೇದುತ್ತೇನೆ. ಪಾಪ, ಆದೆಪ್ಪನಿಗೂ ಒಬ್ಬ ಮಾವ ಇದ್ದನಲ್ಲ ಎಂದು ಅವನ ಮೇಲೆ ಮೊದಲ ಸಲ ಅಕ್ಕರೆ ಹುಟ್ಟಿತು.

ಅಲ್ಲಿಂದ ನೇರವಾಗಿ ಮಸ್ಕಿಗೆ ಹೊರಟೆವು. ಊರ ಗುಡ್ಡ ಕಾಣುತ್ತಲೇ ಮಾವ, “ಅವರ ಮುಂದ ನೀ ಹೇಳಿಬಿಡು. ನನ್ನ ಬಾಯಾಗ ಬರಾಂಗಿಲ್ಲ” ಅಂದರು.

“ನಾ ಹೇಳಿದ್ರ ಮನಿ ಅಳಿಯ ಸೇಡು ತೀರಿಸಾಕತ್ಯಾನ ಅಂತಾರ್ರಿ. ನೀವೇ ಹೇಳ್ರಿ.”

ಬೀಗರ ಮನೆಯಲ್ಲಿ ಕಂಬಳಿ ಹಾಸಿದ್ದರು. ಮಾವ ಅದರ ಮೇಲೆ ಕುಳಿತರು. ನಾನು ರೂಢಿಯಂತೆ ಬಾಗಿಲ ಬಳಿ ಬರಿ ನೆಲದಲ್ಲಿ ಕುಳಿತೆ. “ಹೆಳವ ಏನಂದ?” ಎಂದು ವೀರಭದ್ರಮ್ಮ ಕೇಳಿದಳು. ಮಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೇಳದೆ ಎದ್ದು ಹೋದಾರೆಂದು ನನಗೆ ಹೆದರಿಕೆಯಾಯಿತು. ಹೋದರೆ ಶಿವಬಸಮ್ಮನ ಮದುವೆ ಅಲ್ಲಿಗೆ ಮುಗಿದಂತೆ.

“ನಮ್ಮದು ಬಿಲ್ಲಿನ ಬೆಡಗು. ನಮ್ಮ ಮುತ್ತಜ್ಜ ಆದೆಪ್ಪ ಗುದ್ದಲಿ ಹಿಡಕೊಂಡು ಮೆಣಸಿನವರ ಮನಿಗೆ ಬಂದಾನ,” ಎಂದರು ಮಾವ. “ಮನಿ ಅಳಿಯ ಆಗಿದ್ದ.”

ಮುದುಕಿಯ ಮುಖ ಅರಳಿತು. “ಹಂಗಾದ್ರ ನಿಮ್ಮ ಮುತ್ತಜ್ಜಿ ನಮ್ಮ ಬೆಡಗಿನ ಮಗಳಾದ್ಲು. ಮಗಳ ವಂಶದಾಗಿನ ಹುಡುಗಿನ್ನ ಸೊಸಿ ಮಾಡಿಕೊಳ್ಳಾಕ ಯಾರು ಬ್ಯಾಡಂತಾರ? ಅಕ್ಷತಿ ದಿನ ನೋಡ್ರಿ.”

ಒಳಗಿನಿಂದ ಸಕ್ಕರೆ ಬಂತು. ಮಾವ ಬಾಯಿಗೆ ಹಾಕಿಕೊಳ್ಳಲಿಲ್ಲ. ನನ್ನತ್ತ ತಿರುಗಿ, ಕುಳಿತಲ್ಲೇ ಸರಿದು, ಕಂಬಳಿಯ ಮೇಲೆ ಅಂಗೈಯಿಂದ ತಟ್ಟಿದರು.

“ದೊಡ್ಡಬಸಪ್ಪಾ, ಅಲ್ಯಾಕ ಕುಂತಿ? ಇಲ್ಲಿ ಬಾ.”

ಹೋಗಿ ಕುಳಿತೆ. ಒರಟು ಕಂಬಳಿ, ಕಾಲಿಗೆ ಚುಚ್ಚುತ್ತಿತ್ತು. ಚಹಾ ಮುಗಿದ ಮೇಲೂ ನಾನು ಏಳಲಿಲ್ಲ.