ಐದು ಸೆಂಟಿಮೀಟರಿನ ಚೌಕ

ಕಂಪ್ಯೂಟರ್ ಬೆಳಗ್ಗೆ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿತ್ತು. ಆ ಸುದ್ದಿಯನ್ನು ಪ್ರಿಂಟರಿಗೆ ಯಾರೂ ತಿಳಿಸಿದಂತಿರಲಿಲ್ಲ. ಎರಡೂ ಒಂದೇ ಮೇಜಿನ ಮೇಲೆ, ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಕೂತಿದ್ದವು.

ಕಟಿಂಗ್ ಮಾಸ್ತರರು ನಾಲ್ಕು ಸಲ ಪ್ರಿಂಟ್ ಒತ್ತಿ ನೋಡಿ, ಅಕ್ಕನ ಮಗಳಿಗೆ ಫೋನ್ ಮಾಡಿದರು. ಹೊಲಿಗೆಯಂಗಡಿ ಅವಳ ಅಪ್ಪನದು, ಅಂದರೆ ಮಾಸ್ತರರ ಭಾವನದು. ಹೋದ ವರ್ಷ ಚಾಕ್ ಹಿಡಿದ ಮಾಸ್ತರರ ಕೈ ನಡುಗತೊಡಗಿದಾಗ ನಮೂನೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟವಳು ಅವಳೇ. ಹಾಳೆಗಳನ್ನು ಪ್ರಿಂಟ್ ತೆಗೆದು, ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿದರಾಯಿತು.

ಆಸ್ಪತ್ರೆಯ ದಾದಿಯರಿಗೆ ಅರವತ್ತು ಹಸಿರು ಕೋಟು ಶನಿವಾರಕ್ಕೆ ಸಿದ್ಧವಾಗಬೇಕಿತ್ತು. “ಇದೊಂದು ಸಲ ನೋಡ್ತೀನಿ ಕಣೋ. ಎಡವಟ್ಟಾದ್ರೆ ಇನ್ಮೇಲೆ ಕತ್ತರಿಸಿದ ಬಟ್ಟೆನೇ ಫ್ಯಾಕ್ಟರಿಯಿಂದ ತರಿಸ್ತೀನಿ,” ಎಂದು ಭಾವ ಹೇಳಿಯಾಗಿತ್ತು. ಕತ್ತರಿಸುವುದೊಂದನ್ನು ಬಿಟ್ಟರೆ ಮಾಸ್ತರರಿಗೆ ಬೇರೆ ಕೆಲಸ ಬಾರದು. ಗುಂಡಿ ಹಾಕಿದರೂ ಸೊಟ್ಟ.

“ಮಾವ, ಆ ಪ್ರಿಂಟರ್ ತೆಗೆದುಹಾಕಿ ಮತ್ತೆ ಸೇರಿಸಿ.”

“ಮೇಜಿಂದ ತೆಗೀಲಾ?”

“ಅಯ್ಯೋ, ಪಟ್ಟಿಯಿಂದ ಮಾವ!”

ತೆಗೆದರು, ಸೇರಿಸಿದರು. ಕಾಗದದ ಅಳತೆ ಬದಲಾಗಿ ಕೂತಿತ್ತು. ಅವಳು ಹೇಳಿದಂತೆ ಎ4 ಮಾಡಿದರು. ಪ್ರಿಂಟರ್ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಹಾಳೆ ಉಗುಳತೊಡಗಿತು.

“ಚೌಕ ಅಳೆದ್ರಾ?” ಎಂದಳು. ನಮೂನೆಯ ಮೊದಲ ಹಾಳೆಯಲ್ಲಿ ಐದು ಸೆಂಟಿಮೀಟರಿನ ಒಂದು ಚೌಕವಿರುತ್ತದೆ. ಅದು ಸರಿಯಾಗಿ ಐದು ಬಂದರೆ ಉಳಿದ ಹಾಳೆಗಳೂ ಸರಿ.

“ಅಳೀದೆ ಕತ್ತರಿ ಮುಟ್ತೀನೇನೇ? ಐದಕ್ಕೆ ಐದು. ಕೂದಲೆಳೆ ಆಚೀಚೆ ಇಲ್ಲ.”

ಮಾಸ್ತರರು ಸುಳ್ಳು ಹೇಳುವವರಲ್ಲ.

ಅರವತ್ತೂ ಒಂದೇ ಅಳತೆ. ಆಸ್ಪತ್ರೆಯವರ ಕಣ್ಣಿಗೆ ದಾದಿಯರೆಲ್ಲ ಒಂದೇ ಗಾತ್ರ. ಅರವತ್ತು ಪದರ ಹಾಸಿ, ಮೇಲೆ ನಮೂನೆ ಇಟ್ಟು, ಕಟಿಂಗ್ ಮೆಷಿನ್ ಓಡಿಸಿದರು. ಕೈ ಒಮ್ಮೆಯೂ ನಡುಗಲಿಲ್ಲ. ಅಷ್ಟು ಚೊಕ್ಕವಾಗಿ ಅವರು ಕತ್ತರಿಸಿ ವರ್ಷಗಳೇ ಆಗಿದ್ದವು.

ಮಧ್ಯಾಹ್ನ ಮೊದಲ ಕೋಟು ಹೊಲಿದು ಮುಗಿಯಿತು. ಕಾಜಾ ಹಾಕುವುದರಲ್ಲಿ ಪಳಗಿ ಕಾಜಾ ಅಕ್ಕ ಎಂದೇ ಹೆಸರಾದವಳು ಅದನ್ನು ತೊಟ್ಟು ನೋಡಿದಳು. ಗುಂಡಿಗೂ ಕಾಜಾಕ್ಕೂ ಭೇಟಿಯಾಗಲಿಲ್ಲ.

“ಊಟಕ್ಕೆ ಎಷ್ಟು ಬಡಿದ್ಯಕ್ಕ?” ಎಂದ ಮೂಲೆಯ ಟೈಲರ್.

“ನಿನ್ನ ಡಬ್ಬಿ ಮುಟ್ಟಿಲ್ಲ, ಸುಮ್ನಿರೋ!”

ಎಲ್ಲರೂ ನಕ್ಕರು. ಕೋಟನ್ನು ಅಳತೆಯ ಗೊಂಬೆಗೆ ತೊಡಿಸಿದರು. ಗೊಂಬೆ ಊಟ ಮಾಡಿರಲಿಲ್ಲ. ಅದಕ್ಕೂ ಗುಂಡಿ ಸೇರಲಿಲ್ಲ. ನಗು ನಿಂತಿತು. ಮಾಸ್ತರರು ಟೇಪು ಹಿಡಿದರು: ನಲವತ್ತೆರಡು ಇಂಚಿರಬೇಕಾದ ಎದೆ ನಲವತ್ತೂ ಕಾಲು.

ಅಕ್ಕನ ಮಗಳು ಓಡಿ ಬಂದು ಪ್ರಿಂಟರಿನ ಸೆಟ್ಟಿಂಗ್ ತೆಗೆದಳು. “ನೋಡಿ, ‘ಹಾಳೆಗೆ ಹೊಂದಿಸು’ ಅನ್ನೋ ಕಡೆ ಟಿಕ್ ಆಗಿದೆ. ಹೊಸದಾಗಿ ಸೇರಿಸಿದಾಗ ತಾನೇ ಬಂದಿದೆ. ಎಲ್ಲಾನೂ ನೂರಕ್ಕೆ ತೊಂಬತ್ತಾರಾಗಿದೆ. ಮತ್ತೆ ಚೌಕ ಐದಿತ್ತು ಅಂದ್ರಿ?”

“ಈಗ್ಲೂ ಇದೆ. ನೀನೇ ಅಳಿ.”

ಅವರು ತೋರಿಸಿದ್ದು ಗೋಡೆಯನ್ನು. ಎಂಟು ತಿಂಗಳ ಹಿಂದಿನ ಮೊದಲ ಹಾಳೆ ಅಲ್ಲಿತ್ತು, ನಾಲ್ಕು ಮೂಲೆಗೂ ಅಂಟು ಹಚ್ಚಿಕೊಂಡು. ಬರೀ ಒಂದು ಚೌಕಕ್ಕಾಗಿ ದಿನಾ ಒಂದು ಹಾಳೆ ಯಾಕೆ ದಂಡ ಎಂದು ಮಾಸ್ತರರು ಪ್ರತಿಸಲ ಎರಡನೇ ಹಾಳೆಯಿಂದ ಪ್ರಿಂಟ್ ತೆಗೆಯುತ್ತಿದ್ದರು. ಗೋಡೆಯ ಚೌಕವನ್ನು ಮಾತ್ರ ಒಂದು ದಿನವೂ ತಪ್ಪಿಸದೆ, ಸ್ಟೀಲ್ ಸ್ಕೇಲಿಟ್ಟು, ಕನ್ನಡಕ ಒರೆಸಿಕೊಂಡು ಅಳೆಯುತ್ತಿದ್ದರು. ಅದು ಒಂದು ದಿನವೂ ತಪ್ಪಿರಲಿಲ್ಲ.

“ಮಾವ, ಇದು ಗೋಡೆದು.”

“ಹೌದು, ಗೋಡೆದೇ. ದಿನಾ ಅಳೀತೀನಿ...” ಎನ್ನುತ್ತಿದ್ದವರು ಅಲ್ಲಿಗೇ ನಿಂತರು. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಿತ್ತು.

“ಹೊಲಿಗೆ ಅಂಚು ಬಿಡಿಸಿದ್ರೆ?” ಎಂದಳು ಕಾಜಾ ಅಕ್ಕ.

“ಅಂಚಿರೋದೇ ಅರ್ಧ ಇಂಚು. ಬಿಡಿಸಿದ್ರೆ ಹೊಲಿಯೋದೆಲ್ಲಿ?”

“ಪಕ್ಕಕ್ಕೆ ಪಟ್ಟಿ ಕೊಟ್ರೆ?”

“ಆ ಹಸಿರು ಮುಗೀತು ಅಂತ ಮಿಲ್ಲಿನವರು ಹೇಳಿದ್ದಾರೆ. ಬೇರೆ ಹಸಿರು ಹಚ್ಚಿದ್ರೆ ತೇಪೆ ಹಾಕಿದ ಹಾಗಿರುತ್ತೆ. ಆಸ್ಪತ್ರೆಯವರು ಮುಟ್ಟಲ್ಲ.”

ಇದ್ದ ದಾರಿಗಳನ್ನೆಲ್ಲ ಮಾಸ್ತರರೇ ಒಂದೊಂದಾಗಿ ಮುಚ್ಚಿದರು. ಅವರಷ್ಟು ಚೆನ್ನಾಗಿ ಆ ಕೆಲಸ ಬಲ್ಲವರು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಭಾವ ಬಂದರು. ಮಗಳು ಹೇಳಿದ್ದನ್ನು ನಿಂತೇ ಕೇಳಿಸಿಕೊಂಡರು. ಬೈಗುಳಕ್ಕೆ ಮಾಸ್ತರರು ತಲೆ ತಗ್ಗಿಸಿ ಸಿದ್ಧವಾಗಿದ್ದರು. ಬೈದರೆ ಅದಕ್ಕೊಂದು ಉತ್ತರವಾದರೂ ಹೊಳೆದೀತು. ಭಾವ ಬೈಯಲಿಲ್ಲ. ಅರವತ್ತು ಪದರದ ತೋಳುಗಳನ್ನು ಮೇಜಿನ ಆಚೆಗೆ ಸರಿಸಿ, ಟೇಪು ತೆಗೆದುಕೊಂಡರು.

“ಆ ತುದಿ ಹಿಡ್ಕೊ.”

ಇಬ್ಬರೂ ಸೇರಿ ಕಟಿಂಗ್ ಮೇಜಿನ ಉದ್ದವನ್ನು ಮೂರು ಸಲಕ್ಕೆ ಅಳೆದರು.

“ಎಷ್ಟು ಬಂತು?”

“ನೂರಾ ನಲವತ್ನಾಲ್ಕು ಇಂಚು.”

“ಇದನ್ನ ತೆಗೆದ್ರೆ ಎರಡು ಹೊಲಿಗೆ ಮೆಷಿನ್ ಹಾಕ್ಬಹುದು,” ಎಂದರು ಭಾವ, ಯಾರ ಮುಖವನ್ನೂ ನೋಡದೆ.

ಮಾಸ್ತರರು ಟೇಪು ಸುತ್ತತೊಡಗಿದರು. ಆದರೆ ತಪ್ಪು ಲೆಕ್ಕವನ್ನು ಹಾಗೇ ಬಿಡುವುದು ಅವರಿಂದಾಗಲಿಲ್ಲ.

“ಎರಡಲ್ಲ ಭಾವ,” ಎಂದರು. “ಒಂದಕ್ಕೆ ನಲವತ್ತೆಂಟರಂತೆ ಮೂರು ಹಿಡಿಸುತ್ತೆ.”