ಬಣವೆಯೊಳಗಿನ ಹೆಬ್ಬಾತು

ಇದು ನಡೆದ ಕತೆ. ನಂಬದವರು ನನ್ನ ಪ್ಯಾಂಟಿನ ಹಿಂಭಾಗದ ಹೊಲಿಗೆ ಎಣಿಸಿಕೊಳ್ಳಬಹುದು, ಹನ್ನೊಂದಿವೆ.

ನನ್ನ ಸೋದರಮಾವನದು ಗಡಿಯಾರ ರಿಪೇರಿ ಕಸುಬು. ಊರಾಚೆ ಒಂದು ತುಂಡು ಹೊಲವೂ ಇದೆ. ಮರಗಳು ಎಲೆ ಉದುರಿಸುವ ಹೊತ್ತಿಗೆ ಉತ್ತರದಿಂದ ಹೆಬ್ಬಾತುಗಳು ಬರುತ್ತವೆ. ಮೊದಲು ಯಾರ ಹೊಲಕ್ಕೆ ಇಳಿಯುತ್ತವೋ, ಊರ ಕಟ್ಟಳೆಯಂತೆ ಅವು ಹೊರಡುವ ತನಕ ಅಲ್ಲಿ ಉಳುವಂತಿಲ್ಲ. ಊರಿಗೆ ಊರೇ ಆ ಬದುವಿಗೆ ಬಂದು ನಿಂತು ನೋಡುತ್ತದೆ. ಆರು ವರ್ಷದಿಂದ ಅವು ಇಳಿದದ್ದು ಎದುರಿನ ಬೇಕರಿಯಮ್ಮನ ಹೊಲಕ್ಕೇ. ಹೊಟ್ಟೆಕಿಚ್ಚಿಗೆ ಮಾವ ಬ್ರೆಡ್ಡು ತಿನ್ನುವುದನ್ನೇ ಬಿಟ್ಟಿದ್ದರು.

ಅವತ್ತು ಬೆಳಿಗ್ಗೆ ನಮ್ಮ ಹೊಲದ ಉಳುಮೆಗೆ ಟ್ರ್ಯಾಕ್ಟರ್ ಬಂದಿತ್ತು.

"ಯಜಮಾನ್ರೇ, ಇದು ಮೂರನೇ ಕಾಫಿ," ಡ್ರೈವರಣ್ಣ ಲೋಟ ಕೆಳಗಿಟ್ಟ. "ನನ್ನ ಹೊಟ್ಟೆನೇ ಉಳುಮೆ ಆಗ್ತಿದೆ. ಶುರು ಮಾಡ್ಲಾ?"

"ಉತ್ತುಬಿಟ್ರೆ ಉದುರಿದ ಕಾಳೆಲ್ಲ ಮಣ್ಣು ಪಾಲು ಕಣಪ್ಪ. ಹೆಬ್ಬಾತು ಇಳಿಯೋದೇ ಇಲ್ಲ. ಇನ್ನರ್ಧ ಗಂಟೆ!"

"ನಿಮ್ಮಂಗಡಿ ಗಡಿಯಾರದ ಅರ್ಧ ಗಂಟೆ ಎಷ್ಟು ದಿನ ಅಂತ ಊರಿಗೇ ಗೊತ್ತು ಬಿಡಿ!" ಅಂದವನೇ ಎಂಜಿನ್ ಶುರು ಮಾಡಿದ.

ನನ್ನ ಗಂಟಲು ಕಡಿಯತೊಡಗಿತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದವಳು ನಾನು. ಹೆಬ್ಬಾತು ಯಾವ ಲೆಕ್ಕ? ಹುಲ್ಲಿನ ಬಣವೆಯೊಳಗೆ ತೂರಿಕೊಂಡು ಕೂಗಿದೆ: "ಹೊಂಯ್ಕ್! ಹೊಂಹೊಂಯ್ಕ್!"

ಮಾವ ಟ್ರ್ಯಾಕ್ಟರಿನ ಮುಂದೆ ಕೈಚಾಚಿ ನಿಂತೇಬಿಟ್ಟರು. "ಬಂದ್ವು! ಆಫ್ ಮಾಡೋ!" ಅವಸರಕ್ಕೆ ಬೈನಾಕ್ಯುಲರ್ ಬದಲು ಜೇಬಿನಲ್ಲಿದ್ದ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಆಕಾಶ ಜಾಲಾಡಿದರು. "ಎಲ್ಲಾ ಮಬ್ಬು ಮಬ್ಬು... ಗುಂಪು ದೊಡ್ಡದೇ ಇರ್ಬೇಕು!"

"ಯಜಮಾನ್ರೇ, ಹೆಬ್ಬಾತು ಚಪ್ಪಲಿ ಹಾಕ್ಕೊಳ್ಳುತ್ತಾ?" ಡ್ರೈವರಣ್ಣ ಬಣವೆಯತ್ತ ಬೆರಳು ತೋರಿಸಿದ. ನನ್ನ ಕಾಲುಗಳು ಹೊರಗೇ ಇದ್ದವು.

ಮಾವ ಭೂತಗನ್ನಡಿ ತೆಗೆದು ಜೇಬಿಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ, ಉತ್ಬಿಡಪ್ಪ," ಎಂದರು, ಅಷ್ಟೇ. ನಾನು ಹಿಂದಕ್ಕೆ ತೆವಳಿ ಬಣವೆಯಿಂದ ಹೊರಬಂದು ತಲೆಯ ಹುಲ್ಲು ಕೊಡವಿಕೊಂಡೆ.

ಆಗ ಎಲ್ಲೋ ದೂರದಲ್ಲಿ: ಹೊಂಯ್ಕ್.

"ಸಾಕು ನಿಲ್ಸೇ, ಕೋತಿ!"

"ನಾನಲ್ಲ ಮಾವ! ನನ್ನಾಣೆ!"

ಮೂವರೂ ಕತ್ತೆತ್ತಿದೆವು. ನೀಲಿಯಲ್ಲಿ ಬಾಣದ ಮೊನೆಯಂಥ ಸಾಲು, ನೇರ ಬೇಕರಿಯಮ್ಮನ ಹೊಲದ ಕಡೆಗೆ! ಮಾವ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಕೂಗೇ! ಕೂಗು ನನ್ನ ತಾಯಿ!"

ಮತ್ತೆ ಬಣವೆಗೆ ತಲೆ ತೂರಿಸಿ ಪ್ರಾಣವನ್ನೆಲ್ಲ ಗಂಟಲಿಗೆ ತಂದು ಕೂಗಿದೆ. ಸಾಲು ಡೊಂಕಾಯಿತು, ತಿರುಗಿತು, ನಮ್ಮ ನೆತ್ತಿಯ ಮೇಲೆ ಬಂತು! ರೆಕ್ಕೆಗಳ ಗಾಳಿಗೆ ಹುಲ್ಲೆಲ್ಲ ಎದ್ದು ಕುಣಿಯಿತು. ಮುಂಚಾಚಿದ ಕಾಲುಗಳು ಕೂಳೆಯ ಮೇಲೆ ದಡಬಡ ಇಳಿದವು. ನಲವತ್ತು, ಹಿಂದೆಯೇ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು!

ಕರೆದ ನೆಂಟರು ಯಾರೆಂದು ವಿಚಾರಿಸಲು ಒಂದು ಗಂಡು ಹೆಬ್ಬಾತು ಬಣವೆಗೇ ಬಂತು. ನನ್ನ ತಲೆ ಒಳಗೆ, ಉಳಿದದ್ದೆಲ್ಲ ಹೊರಗೆ. ಕೊಕ್ಕು ಪ್ಯಾಂಟು ಹಿಡಿದು ಜಗ್ಗಿತು, ಬಟ್ಟೆ ಪರ್‍ರೆಂದಿತು. ನಾನು ಕಿರುಚಿದೆ, ಅದೂ ಹೆಬ್ಬಾತಿನ ದನಿಯಲ್ಲೇ!

ಸದ್ದಿಗೆ ತಮ್ಮ ಹೊಲದಿಂದ ಓಡಿಬಂದ ಬೇಕರಿಯಮ್ಮ ಬದುವಿನ ಮೇಲೆ ಬಾಯಿ ತೆರೆದು ನಿಂತರು. ಡ್ರೈವರಣ್ಣ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ನಗುತ್ತಿದ್ದ.

"ಬೇಕರಿಯಮ್ಮಾ," ಮಾವ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದರು, "ಸಂಜೆ ಎರಡು ಬ್ರೆಡ್ಡು ಕಳ್ಸಿ... ಸೂಜಿ ದಾರ ಇದ್ರೆ ಅದನ್ನೂ!"

ಆಮೇಲೆ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದು ಕೂತರು. ಅಷ್ಟು ಹೆಬ್ಬಾತುಗಳ ಗದ್ದಲವನ್ನೂ ಮೀರಿಸಿ ಕೇಳುತ್ತಿದ್ದದ್ದು ಅವರ ನಗುವೇ.