ಗಿರಿಜಾಂಬಾರ ಕೈಗುಣ

ಎರಡನೇ ಸಲವೂ ಬಿಯರ್ ಕೆಟ್ಟಿತು.

ಸಾವಿತ್ರಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಮೇಲೆಲ್ಲ ಬಿಳಿ ಪೊರೆ ಕಟ್ಟಿತ್ತು. ಬಾರ್ಲಿಯ ಪರಿಮಳ ಇರಬೇಕಾದಲ್ಲಿ ವಿನೆಗರಿನ ಘಾಟು ಮೂಗಿಗೆ ಹೊಡೆಯಿತು. ಆಸೆ ಬಿಡದೆ ಒಂದು ಚಮಚ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡರು. ಹಲ್ಲು ಚುಳ್ಳೆಂದಿತು.

"ಏನಾಯ್ತೇ?" ಗಂಡ ಶಶಿಧರ್ ಜಗಲಿಯಿಂದಲೇ ಕೇಳಿದರು.

"ಹುಳಿ."

"ಹಂಗಾದ್ರೆ ದೋಸೆ ಹಿಟ್ಟಿಗೆ ಹಾಕು. ನಾಳೆ ತಿಂಡಿಗಾಯ್ತು."

"ನಿಮಗೆ ಎಲ್ಲಾ ತಮಾಷೆ."

ಹೆಂಡತಿಯ ದನಿ ಕೇಳಿ ಅವರು ಪೇಪರ್ ಮಡಿಚಿಟ್ಟು ಎದ್ದು ಬಂದರು. ಸೊಂಟನೋವಿನ ಮನುಷ್ಯ, ಆದರೂ ಡ್ರಮ್ಮಿನ ಒಂದು ಕಡೆ ಹಿಡಿದುಕೊಂಡರು. ಇಬ್ಬರೂ ಸೇರಿ ಅದನ್ನು ಅಂಗಳದ ಚರಂಡಿಗೆ ಬಗ್ಗಿಸಿದರು. ಇಪ್ಪತ್ತು ಲೀಟರ್ ಬಿಯರ್ ಕಾಫಿ ಗಿಡಗಳ ಕಡೆಗೆ ಹರಿದುಹೋಯಿತು.

ಒಳಗೆ ಬಂದ ಸಾವಿತ್ರಮ್ಮನ ಕಣ್ಣು ಹೋದದ್ದು ಫ್ರಿಜ್ಜಿನ ಕಡೆಗೆ. ಅಲ್ಲಿ ಕೆಳಗಿನ ಅರೆಯಲ್ಲಿ ಒಂದು ಗಾಜಿನ ಜಾಡಿ ಇತ್ತು. ತಳದಲ್ಲಿ ಎರಡು ಬೆರಳಿನಷ್ಟು ಕೆನೆಬಣ್ಣದ ಗಷ್ಟು. ಅದು ಯೀಸ್ಟು. ಆದರೆ ಅವರೂ ಗೆಳತಿ ಗಿರಿಜಾಂಬಾರೂ ಅದನ್ನು ಕರೆಯುತ್ತಿದ್ದದ್ದು ಹೆಪ್ಪು ಎಂದು. ಮೊಸರಿನ ಹೆಪ್ಪಿನ ಹಾಗೇ ಪ್ರತಿ ಸಲದ ಬಿಯರಿನ ತಳದಿಂದ ತೆಗೆದು ಮುಂದಿನದಕ್ಕೆ ಉಳಿಸಿದ್ದು, ಹನ್ನೊಂದು ಮಳೆಗಾಲ ನಡೆದುಬಂದದ್ದು. ಹೋದ ವರ್ಷ ಬೇಸಿಗೆಯಲ್ಲಿ ಗಿರಿಜಾಂಬಾ ಪಕ್ಕದಲ್ಲಿದ್ದ ತಮ್ಮ ತೋಟ ಮಾರಿ, ಮಗಳು ಧನ್ಯಶ್ರೀ ಜೊತೆ ಇರಲು ಮೈಸೂರಿಗೆ ಹೊರಟಾಗ ಅದನ್ನು ಮೂರು ಜಾಡಿಗೆ ಹಂಚಿ, "ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ ಕಣೇ, ಜೋಪಾನ" ಎಂದಿದ್ದರು. ಒಂದು ಜಾಡಿ ಹೋದ ಮಳೆಗಾಲದಲ್ಲಿ ಹೋಯಿತು. ಇನ್ನೊಂದು ಈಗ ಚರಂಡಿ ಸೇರಿತು. ಉಳಿದದ್ದು ಇದೊಂದೇ.

ಮಧ್ಯಾಹ್ನವೇ ಗಿರಿಜಾಂಬಾರ ಫೋನ್ ಬಂತು.

"ಸಾವಿತ್ರಿ, ಶ್ರಾವಣದಲ್ಲಿ ಹೊರನಾಡಿಗೆ ಬರ್ತಿದೀವಿ. ಮೊಮ್ಮಗೂದು ಹರಕೆ. ವಾಪಸ್ ಬರ್ತಾ ನಿಮ್ಮನೇಲಿ ಎರಡು ಗಂಟೆ ಇಳೀತೀನಿ. ಇನ್ನು ಆರು ವಾರ ಇದೆ."

"ಎರಡೇ ಗಂಟೆಯೇನೇ?"

"ಅಷ್ಟಾದ್ರೂ ಸಿಕ್ತಲ್ಲ ಮಾರಾಯ್ತಿ. ಈ ತಿರುವಿನ ರಸ್ತೆ ಇನ್ನು ನನ್ನ ಮಂಡಿಗೆ ಆಗಲ್ಲ. ಇದೇ ಕೊನೆ ಸಲ ಅಂದ್ಕೊ." ಮಾತು ಬದಲಿಸಿ, "ನಮ್ಮ ಹೆಪ್ಪು ಹೇಗಿದೆ?"

"ಚೆನ್ನಾಗಿದೆ" ಎಂದರು ಸಾವಿತ್ರಮ್ಮ.

"ಹಂಗಾದ್ರೆ ನನಗೊಂದು ಗ್ಲಾಸ್ ಇಟ್ಟಿರು. ಇಲ್ಲಿ ಎಲ್ಲಾ ಸಿಗುತ್ತೆ, ಅದೊಂದು ಸಿಗಲ್ಲ."

ಫೋನ್ ಇಟ್ಟ ಮೇಲೆ ಸಾವಿತ್ರಮ್ಮ ಬೆರಳು ಮಡಿಚಿ ವಾರಗಳ ಲೆಕ್ಕ ಹಾಕಿದರು. ಕಾಯಿಸಿ, ಹುದುಗಿಸಿ, ಬಾಟಲಿಗೆ ತುಂಬಿ, ಬಾಟಲಿಯಲ್ಲಿ ನೊರೆ ಕಟ್ಟುವುದಕ್ಕೆ ಒಂದು ತಿಂಗಳು ಬೇಕು. ಇರುವುದು ಒಂದೇ ಜಾಡಿ, ಒಂದೇ ಅವಕಾಶ.

ಗೆಳತಿಯರಿಬ್ಬರೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಬಿ.ಎಸ್ಸಿ. ಓದಿದವರು, ಮದುವೆಯಾಗಿ ಬಂದದ್ದು ಗೋಣಿಬೀಡಿನ ಅಕ್ಕಪಕ್ಕದ ತೋಟಗಳಿಗೆ. ಅರವತ್ತು ಹತ್ತಿರವಾದಾಗ ಗಿರಿಜಾಂಬಾರ ಅಳಿಯ ಒಂದು ನಲ್ಲಿ ಇರುವ ಪ್ಲಾಸ್ಟಿಕ್ ಡ್ರಮ್ಮನ್ನೂ ಮನೆಯಲ್ಲೇ ಬಿಯರ್ ಮಾಡುವ ಒಂದು ಪುಸ್ತಕವನ್ನೂ ತಂದುಕೊಟ್ಟ. ಮಳೆಗಾಲದಲ್ಲಿ ಸಾವಿತ್ರಮ್ಮನ ತೋಟದ ಪಲ್ಪರ್ ಮನೆ ಖಾಲಿ ಇರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ತೊಟ್ಟಿಗಳಲ್ಲಿ ಹುದುಗಿಸಿ ತೊಳೆಯುವ ಜಾಗ. ತಂಪು, ಧಾರಾಳ ನೀರು. ಇಬ್ಬರೂ ಅಲ್ಲಿ ಒಲೆ ಹೂಡಿದರು. ಎಲ್ಲ ಕೆಲಸ ಹಂಚಿಕೊಂಡರೂ ಹೆಪ್ಪು ಹಾಕುವುದು ಮಾತ್ರ ಗಿರಿಜಾಂಬಾ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೆಟ್ಟಿರಲಿಲ್ಲ. "ಗಿರಿಜಕ್ಕನ ಕೈಗುಣ" ಎಂದು ಸುತ್ತಿನ ತೋಟದವರೆಲ್ಲ ಹೇಳುತ್ತಿದ್ದರು. ಸಾವಿತ್ರಮ್ಮ ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದ್ದರು.

ಅದಕ್ಕೇ ಕೆಟ್ಟ ಎರಡು ಸಲವೂ ಅವರಿಗೆ ದುಃಖದ ಜೊತೆ ಒಂದು ವಿಚಿತ್ರ ಸಮಾಧಾನವೂ ಇತ್ತು. ಅವಳಿಲ್ಲದೆ ಆಗದು ಎಂಬುದಕ್ಕೆ ಬಿಯರೇ ಸಾಕ್ಷಿ ಹೇಳುತ್ತಿದೆ ಎನ್ನಿಸುತ್ತಿತ್ತು.

ಹಾಗೆಂದು ಪ್ರಯತ್ನದಲ್ಲಿ ಕೊರತೆ ಮಾಡಿರಲಿಲ್ಲ. ಮೊದಲ ಸಲ ಕೆಟ್ಟ ಮೇಲೆ ಪುಸ್ತಕವನ್ನು ಎರಡು ಬಾರಿ ಓದಿದರು. ಪಾತ್ರೆ, ಸೌಟು, ಆಲಿಕೆ ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದರು. ಮೊಸರಿನ ಪಾತ್ರೆ ಆ ಕಡೆ ಸುಳಿಯದ ಹಾಗೆ ನೋಡಿಕೊಂಡರು. ಡ್ರಮ್ಮನ್ನು ಬಿಸಿನೀರಲ್ಲಿ ತೊಳೆದು, ಉಪ್ಪಿನಕಾಯಿ ಜಾಡಿಯ ಹಾಗೆ ಬಿಸಿಲಲ್ಲಿ ಒಣಗಿಸಿದರು. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಿಂಗಯ್ಯ ಬಂದ. ಮೂವತ್ತು ವರ್ಷ ಅವರ ಪಲ್ಪರ್ ಮನೆ ನೋಡಿಕೊಂಡವನು, ಹೋದ ವರ್ಷ ಕಣ್ಣು ಮಂಜಾಗಿ ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದ. ಕೈಯಲ್ಲಿ ಬಾಳೆಲೆ ಸುತ್ತಿದ ಎಳೆ ಬಿದಿರಿನ ಕಳಲೆ. ಹೆಚ್ಚಿ, ಮೂರು ದಿನ ನೀರು ಬದಲಾಯಿಸಿ, ಅಡುಗೆಗೆ ತಯಾರು ಮಾಡಿಯೇ ತಂದಿದ್ದ. ಅಮ್ಮನ ಬೆರಳಿಗೆ ಸಂದುನೋವು ಎಂಬುದು ಅವನಿಗೆ ನೆನಪಿತ್ತು.

ಚರಂಡಿಯ ಹತ್ತಿರ ಬಂದವನೇ ನಿಂತುಬಿಟ್ಟ. ಮೂಗು ಮೇಲೆತ್ತಿದ.

"ಏನಮ್ಮಾ ಇದು, ತೊಟ್ಟಿ ಕೆಟ್ಟಂಗೆ ವಾಸ್ನೆ?"

"ಬಿಯರ್ ನಿಂಗಯ್ಯ. ಎರಡನೇ ಸಲ. ಗಿರಿಜಮ್ಮ ಹೋದ್ಮೇಲೆ ನನ್ನ ಕೈಯಲ್ಲಿ ಆಗ್ತಾನೇ ಇಲ್ಲ."

ನಿಂಗಯ್ಯ ಡ್ರಮ್ಮಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ. ಮಂಜುಗಣ್ಣಿಗಿಂತ ಬೆರಳಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಒಳಗೆಲ್ಲ ಸವರಿದ. ನಲ್ಲಿಯ ಬಾಯಿಗೆ ಬೆರಳು ತೂರಿಸಿ ಮೂಸಿದ.

"ನಲ್ಲಿ ಬಿಚ್ಚಿದ್ರಾ?"

"ಬಿಚ್ಚೋದಾ? ಅದರಲ್ಲಿ ಬಿಸಿನೀರು ಬಿಟ್ಟಿದ್ದೆ."

"ಬಿಟ್ರೆ ಸಾಲಲ್ಲ ಅಮ್ಮಾ." ಅವನು ಹಿಂದಿನ ತಿರುಪನ್ನು ತಿರುಗಿಸಿದ. ನಲ್ಲಿ ಎರಡು ಭಾಗವಾಗಿ ಕೈಗೆ ಬಂತು. ರಬ್ಬರ್ ಬಳೆಯ ಹಿಂದೆ, ತಿರುಪಿನ ಸಂದಿನಲ್ಲಿ, ಕಂದು ಲೋಳೆ ಮೆತ್ತಿಕೊಂಡಿತ್ತು. ಸಾವಿತ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನೋಡಿ. ತೊಟ್ಟಿ ಮೂಲೇಲಿ ನಿನ್ನೆದು ಒಂದು ಕಾಳು ಉಳಿದ್ರೆ ಸಾಕು, ಕೊಳೆತು ಇವತ್ತಿನ ಕಾಫಿಗೆಲ್ಲ ಗಬ್ಬು ಹತ್ತಿಸುತ್ತೆ. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಳು ನೋಡೋಕೆ ಬೆಳ್ಳಗಿರುತ್ತೆ, ಬಾಯಿಗೆ ಹಾಕಿದ್ರೆ ಗೊತ್ತಾಗುತ್ತೆ. ಅದಕ್ಕೇ ನಾನು ಮೂಲೇನ ಬೆರಳಲ್ಲೇ ಕೆದಕ್ತಿದ್ದೆ. ಇದೂ ಹಂಗೇ."

"ಮತ್ತೆ ಹನ್ನೊಂದು ವರ್ಷ ನಾವು ಯಾವತ್ತೂ ಇದನ್ನ ಬಿಚ್ಚಲಿಲ್ವಲ್ಲೋ?"

ನಿಂಗಯ್ಯ ರಬ್ಬರ್ ಬಳೆಯನ್ನು ಉಗುರಿನಿಂದ ಕೆರೆಯುತ್ತ ಕುಳಿತ. ಸಾವಿತ್ರಮ್ಮನಿಗೆ ನಿಧಾನವಾಗಿ ಹೊಳೆಯಿತು.

"ನೀನು ಬಿಚ್ತಿದ್ದೆಯಾ?"

"ನೀವಿಬ್ರೂ ಒಲೆ ಹಚ್ಚೋ ಹಿಂದಿನ ದಿನ. ನನ್ನ ಟೀ ನೀರು ಕಾಯಿಸ್ವಾಗ ಅದೇ ಪಾತ್ರೇಲಿ ಹಾಕಿ ಕುದಿಸಿ, ಮತ್ತೆ ತಿರುವಿ ಇಡ್ತಿದ್ದೆ. ಅದೇನು ದೊಡ್ಡ ಕೆಲ್ಸ."

"ಒಂದ್ ಮಾತು ಹೇಳೋಕೇನಾಗಿತ್ತು?"

"ಹೇಳೋದೇನಿದೆ ಅಮ್ಮಾ ಅದ್ರಲ್ಲಿ? ನೀವು ನಗಾಡ್ತಾ ಬರ್ತಿದ್ರಿ. ಬಂದೋರ ಕೈಗೆ ಲೋಳೆ ನಲ್ಲಿ ಯಾಕೆ ಕೊಡೋದು ಅಂತ."

ಸಾವಿತ್ರಮ್ಮ ಒಳಗೆ ಹೋಗಿ ಅವನಿಗೆ ಕಾಫಿ ಮಾಡಿದರು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ಅವರಿಗೆ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ಒಬ್ಬ ಮನುಷ್ಯ ಸದ್ದಿಲ್ಲದೆ ಮಾಡಿದ ಉಪಕಾರ ಕಣ್ಣಿಗೇ ಬಿದ್ದಿರಲಿಲ್ಲ ಎಂಬ ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ಯಾರಿಗೂ ಹೇಳಲಾಗದ ಒಂದು ಕಳವಳ. ಹಾಗಾದರೆ ಗಿರಿಜಾಳ ಕೈಗುಣ?

ನಿಂಗಯ್ಯ ಹೇಳಿದಂತೆ ಎಲ್ಲ ನಡೆಯಿತು. ನಲ್ಲಿಯನ್ನು ಬಿಡಿಸಿ ಉಜ್ಜಿ ಕುದಿಸಿದರು. ಡ್ರಮ್ಮಿನ ಒಳಮೈಯಲ್ಲಿ ತೆಂಗಿನ ನಾರು ಗೀರಿದ ಗೆರೆಗಳಿದ್ದವು. ಅಲ್ಲೂ ಕೊಳೆ ಅಡಗುತ್ತದೆಂದು ನಿಂಗಯ್ಯ ಹೇಳಿದ ಮೇಲೆ ಶಶಿಧರ್ ತಾವೇ ಮೂಡಿಗೆರೆಗೆ ಹೋಗಿ ಹೊಸ ಡ್ರಮ್ ತಂದು, ಹಳೆಯ ನಲ್ಲಿಯನ್ನು ಅದಕ್ಕೆ ಕೂರಿಸಿಕೊಟ್ಟರು. "ದೋಸೆ ಹಿಟ್ಟಿನ ಮಾತಿಗೆ ತಪ್ಪುಕಾಣಿಕೆ" ಎಂದರು.

ಹೆಪ್ಪು ಬದುಕಿದೆಯೋ ಇಲ್ಲವೋ ಎಂಬುದೇ ದೊಡ್ಡ ಭಯವಾಗಿತ್ತು. ಕುದಿಸಿ ಆರಿಸಿದ ಒಂದು ಲೋಟ ಮಾಲ್ಟಿನ, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ, ನೀರಿಗೆ ಅದನ್ನು ಹಾಕಿ, ಶುದ್ಧ ಬಟ್ಟೆ ಕಟ್ಟಿ ಇಟ್ಟರು. ಒಂದು ದಿನ ಕಳೆಯಿತು, ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಒಂದು ಸಾಲು. ಸಾವಿತ್ರಮ್ಮ ಗಂಡನನ್ನು ಕೂಗಿ ಕರೆದು ತೋರಿಸಿದರು. ಅವರು ಕನ್ನಡಕ ಏರಿಸಿ ನೋಡಿ, ತಮಾಷೆ ಮಾಡಲಿಲ್ಲ. "ಉಸಿರಾಡ್ತಿದೆ" ಎಂದರು.

ಬಾರ್ಲಿ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಿದರು. ಕುದಿಯುವಾಗ ಏನು ಬಿದ್ದರೂ ಸಾಯುತ್ತದೆ, ಆರಿದ ಮೇಲೆ ಬಿದ್ದದ್ದು ಬದುಕುತ್ತದೆ ಎಂಬ ಪುಸ್ತಕದ ಮಾತನ್ನು ನೆನೆಯುತ್ತ ಬೇಗ ಆರಿಸಿದರು. ಆಮೇಲೆ ಮೊದಲ ಬಾರಿಗೆ ಅಳುಕದೆ, ಗಿರಿಜಾ ಹಿಡಿಯುತ್ತಿದ್ದ ಹಾಗೇ ಎರಡು ಕೈಯಲ್ಲಿ ಹಿಡಿದು, ಹೆಪ್ಪನ್ನು ಸುರಿದರು. ಹಿಂದಿನ ಎರಡು ಸಲವೂ ಅವರೇ ಸುರಿದದ್ದು ನಿಜ. ಆದರೆ ಆಗ ಅದು ಕೆಡುತ್ತದೆಂದು ಮನಸ್ಸಿನ ಮೂಲೆ ಮೊದಲೇ ಹೇಳಿತ್ತು.

ಕೆಡಲಿಲ್ಲ. ಹದಿನಾಲ್ಕನೇ ದಿನ ಮುಚ್ಚಳ ತೆಗೆದಾಗ ತಿಳಿ ಜೇನಿನ ಬಣ್ಣ, ಬಿಸಿ ಬ್ರೆಡ್ಡಿನ ವಾಸನೆ. ಮೂವತ್ತೆಂಟು ಬಾಟಲಿ ತುಂಬಿದವು. ಸಂತೋಷ ಹೇಳಿಕೊಳ್ಳಲು ಸಾವಿತ್ರಮ್ಮ ಪಕ್ಕಕ್ಕೆ ತಿರುಗಿದರು. ಪಕ್ಕದ ಸ್ಟೂಲು ಖಾಲಿ ಇತ್ತು.

ಶ್ರಾವಣದ ಒಂದು ಭಾನುವಾರ ಹನ್ನೊಂದೂವರೆಗೆ ಕಾರು ಬಂತು. ಮಗಳ ಕುಟುಂಬ ಒಳಗೆ ಊಟದ ಗಡಿಬಿಡಿಯಲ್ಲಿದ್ದಾಗ ಗಿರಿಜಾಂಬಾ ಕೋಲು ಊರಿಕೊಂಡು ಸೀದಾ ಪಲ್ಪರ್ ಮನೆಗೆ ನಡೆದರು. ಸಣ್ಣಗಾಗಿದ್ದರು. ಆದರೆ ಬಾಯಿ ಹಾಗೇ ಇತ್ತು.

"ಏನೇ, ಇಷ್ಟು ಬೆಳ್ಳಗಾಗಿದೀಯ? ಕೂದಲಿಗೆ ಬಣ್ಣ ಹಚ್ಚೋದು ಬಿಟ್ಯಾ?"

"ನೀನು ಬೈಯೋಕೆ ಇರಲಿಲ್ವಲ್ಲ, ಬಿಟ್ಟೆ."

ಬಾಟಲಿ ತೆರೆದಾಗ ಹದವಾದ ಸದ್ದು. ನೊರೆ ಗ್ಲಾಸಿನ ಅಂಚಿಗೆ ಬಂದು ನಿಂತಿತು. ಗಿರಿಜಾಂಬಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಅದೇ" ಎಂದರು. ಇನ್ನೊಂದು ಗುಟುಕು. "ಅದೇ ಕಣೇ." ಆಮೇಲೆ ನಗುತ್ತ, "ಕೈಗುಣ ನಿನಗೂ ದಾಟಿಸಿ ಹೋಗಿದೀನಿ ನೋಡು."

ಸಾವಿತ್ರಮ್ಮ ಸುಮ್ಮನಿದ್ದುಬಿಡಬಹುದಿತ್ತು. ಗೆಳತಿಯ ಮುಖದ ಆ ಹೆಮ್ಮೆಯನ್ನು ಯಾಕೆ ಕೀಳಬೇಕು? ಆದರೆ ಬಾಗಿಲ ಹೊರಗೆ ಒಗೆದ ಅಂಗಿ ತೊಟ್ಟು, ಕರೆದರೆ ಬರೋಣವೆಂದು ನಿಂಗಯ್ಯ ನಿಂತಿದ್ದ. ಅವರು ಅವನನ್ನು ಒಳಗೆ ಕರೆದು, ಗಿರಿಜಾಂಬಾರ ಪಕ್ಕದಲ್ಲೇ ಕೂರಿಸಿ, ಗ್ಲಾಸು ಕೊಟ್ಟು, ಎಲ್ಲವನ್ನೂ ಹೇಳಿದರು. ಕೆಟ್ಟ ಎರಡು ಡ್ರಮ್ಮು, ಫೋನಿನಲ್ಲಿ ಹೇಳಿದ ಸುಳ್ಳು, ನಲ್ಲಿ, ಟೀ ಪಾತ್ರೆ.

ಗಿರಿಜಾಂಬಾ ನಿಂಗಯ್ಯನನ್ನೇ ನೋಡಿದರು.

"ಹನ್ನೊಂದು ವರ್ಷ ಊರವರ ಹತ್ರ ಹೊಗಳಿಸ್ಕೊಂಡು ಓಡಾಡಿದ್ನಲ್ಲೋ ಮಾರಾಯ!"

"ಕೈ ನಿಮ್ದೇ ಅಮ್ಮಾ" ಎಂದ ನಿಂಗಯ್ಯ, ನೊರೆ ಒರೆಸಿಕೊಂಡು. "ನಂದು ನಲ್ಲಿ ಅಷ್ಟೆ."

ಮೂವರೂ ನಕ್ಕರು. ನಗು ನಿಂತ ಮೇಲೆ ಗಿರಿಜಾಂಬಾ ಗ್ಲಾಸಿನ ತಳ ನೋಡುತ್ತ ಮೆಲ್ಲಗೆ ಹೇಳಿದರು: "ಹಂಗಾದ್ರೆ ನಾನಿಲ್ದೇನೂ ಆಗುತ್ತೆ."

"ಆಗುತ್ತೆ" ಎಂದರು ಸಾವಿತ್ರಮ್ಮ. "ಆಗ್ಬಾರ್ದಿತ್ತು ಅನ್ಸುತ್ತೆ."

ಗಿರಿಜಾಂಬಾ ಕೈ ಚಾಚಿ ಗೆಳತಿಯ ಗಂಟುಬಿದ್ದ ಬೆರಳುಗಳನ್ನು ಒಮ್ಮೆ ಒತ್ತಿದರು. ನಿಂಗಯ್ಯ ಗ್ಲಾಸು ಹಿಡಿದುಕೊಂಡು, ಮಳೆ ಬಿಟ್ಟಿತೇ ನೋಡುತ್ತೇನೆಂದು ಹೊರಗೆ ಹೋದ. ಮಳೆ ಬಂದೇ ಇರಲಿಲ್ಲ.

ಊಟವಾಯಿತು. ಎರಡು ಗಂಟೆಗೆ ಧನ್ಯಶ್ರೀ ಕಾರಿನ ಬಾಗಿಲು ತೆರೆದು ಕರೆದಳು. "ಅಮ್ಮಾ, ಹೊರಡೋಣ್ವಾ?"

"ಬಾಟ್ಲಿ ತೊಳೆದು ಬಂದೆ. ಒಣಗಿದ್ರೆ ತಳದಲ್ಲಿ ಹಿಡ್ಕೊಳ್ಳುತ್ತೆ, ಮುಂದಿನ ಸಲದ್ದು ಕೆಡುತ್ತೆ" ಎಂದರು ಗಿರಿಜಾಂಬಾ.

ಇಬ್ಬರೂ ಹಳೆಯ ಸ್ಟೂಲುಗಳಲ್ಲಿ ಕುಳಿತರು. ಗಿರಿಜಾಂಬಾ ಬ್ರಷ್ ಆಡಿಸುವುದು, ಸಾವಿತ್ರಮ್ಮ ಬಿಸಿನೀರಲ್ಲಿ ಜಾಲಿಸಿ ಬೋರಲು ಹಾಕುವುದು. ಹಿಂದೆಲ್ಲ ನಲವತ್ತು ಬಾಟಲಿ, ಎರಡು ಗಂಟೆ, ಮುಗಿಯದ ಮಾತು. ಇವತ್ತು ನಾಲ್ಕೇ ಬಾಟಲಿ. ಮೊದಲನೆಯದು ಮುಗಿಯಿತು. ಎರಡನೆಯದು. ಮೂರು. ನಾಲ್ಕು.

ಕಾರಿನ ಹಾರನ್ ಒಮ್ಮೆ ಮೆಲ್ಲಗೆ ಕೂಗಿತು.

ಸಾವಿತ್ರಮ್ಮ ಬೋರಲು ಹಾಕಿದ್ದ ಮೊದಲನೇ ಬಾಟಲಿಯನ್ನು ಎತ್ತಿ ಮತ್ತೆ ಗೆಳತಿಯ ಕೈಗೆ ಕೊಟ್ಟರು. ಗಿರಿಜಾಂಬಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಫಳಫಳ ಹೊಳೆಯುತ್ತಿತ್ತು.

"ಕೊಳೆ ಇದೆ ಕಣೇ" ಎಂದು, ಬ್ರಷ್ ತೆಗೆದುಕೊಂಡು, ನಿಧಾನವಾಗಿ ತೊಳೆಯತೊಡಗಿದರು.